ದೈತ್ಯ ಕಳ್ಳಿಗಳ ಕಾಡಿಗೆ ಹೊರಟವರಿಗೆ: ಸವಾರೊ ನ್ಯಾಷನಲ್ ಪಾರ್ಕ್, ಹಂತ ಹಂತವಾಗಿ

'ಮಗ ಫೀನಿಕ್ಸ್‌ನಲ್ಲಿದ್ದಾನೆ, ಅಲ್ಲಿಂದ ಒಂದೇ ದಿನದಲ್ಲಿ ಹೋಗಿಬರಬಹುದಾ?' 'ಮೇ ತಿಂಗಳಲ್ಲಿ ಹೋದರೆ ನಡೆಯುತ್ತಾ?' 'ಮಂಡಿನೋವಿನ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?' ಅರಿಜೋನಾದ ದೈತ್ಯ ಕಳ್ಳಿಗಳ ಪಾರ್ಕಿನ ಬಗ್ಗೆ ಓದುಗರು ಕೇಳುವುದು ಹೆಚ್ಚಾಗಿ ಈ ಮೂರೇ ಪ್ರಶ್ನೆ. ಮೂರಕ್ಕೂ ಉತ್ತರ ಹೌದು. ಆದರೆ ಇಲ್ಲಿ ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಪ್ರವಾಸ ಕೆಡಿಸಿಕೊಂಡವರಲ್ಲಿ ಬಹುಪಾಲು ಜನ ಕೆಟ್ಟಿದ್ದು ಗಡಿಯಾರದಿಂದ, ದಾರಿಯಿಂದಲ್ಲ.

ಮೊದಲು ಹೆಸರು ಸರಿಮಾಡಿಕೊಳ್ಳಿ. ಅಕ್ಷರ ನೋಡಿದರೆ 'ಸಗುವಾರೊ' ಅನ್ನಬೇಕೆನಿಸುತ್ತದೆ, ಅಲ್ಲಿಯವರ ಬಾಯಲ್ಲಿ ಅದು 'ಸವಾರೊ'. ಪಕ್ಕದ ಊರು 'ಟಕ್ಸನ್' ಅಲ್ಲ, 'ಟೂಸಾನ್'. ನಮ್ಮ ಹೊಲದ ಬೇಲಿಯ ಬೊಂತೆಗಳ್ಳಿಗೂ ಸವಾರೊ ಎಂಬ ಈ ದೈತ್ಯ ಕಳ್ಳಿಗೂ ನೆಂಟಸ್ತನವಿಲ್ಲ. ನಮ್ಮದು ಮುರಿದರೆ ಹಾಲು ಸುರಿಯುವ ಜಾತಿ, ಇದು ಅಪ್ಪಟ ಕ್ಯಾಕ್ಟಸ್. ಸೊನೋರಾ ಮರುಭೂಮಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ತಾನಾಗಿ ಬೆಳೆಯುವುದಿಲ್ಲ. 12 ಮೀಟರ್ ದಾಟಿದ ಗಿಡಗಳು ಇಲ್ಲಿ ಸಿಗುತ್ತವೆ. ಪಾರ್ಕಿನೊಳಗೆ ಒಟ್ಟು ಸುಮಾರು 20 ಲಕ್ಷ ಸವಾರೊಗಳಿವೆ. 1933ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಣೆಯಾಗಿದ್ದ ಈ ಜಾಗ ನ್ಯಾಷನಲ್ ಪಾರ್ಕ್ ಆದದ್ದು 1994ರಲ್ಲಿ.

1. ತಿಂಗಳು ಮತ್ತು ಗಂಟೆ ಗೊತ್ತುಮಾಡಿಕೊಳ್ಳಿ

ನವೆಂಬರ್‌ನಿಂದ ಮಾರ್ಚ್‌ವರೆಗೆ ಕಣ್ಣುಮುಚ್ಚಿ ಹೋಗಬಹುದು. ಡಿಸೆಂಬರ್-ಜನವರಿಯಲ್ಲಿ ಹಗಲು 18-19 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬೆಳಗಿನ ಜಾವ 4-5 ಡಿಗ್ರಿಗೆ ಇಳಿಯುತ್ತದೆ. ಮರುಭೂಮಿ ಎಂದು ಸ್ವೆಟರ್ ಬಿಟ್ಟು ಹೊರಟವರು ಸೂರ್ಯಾಸ್ತವಾಗಿ ಅರ್ಧ ಗಂಟೆಗೆಲ್ಲ ಕಾರು ಸೇರಿಕೊಳ್ಳುತ್ತಾರೆ.

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಹೂವಿನ ಕಾಲ. ಬಿಳಿ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಒಂದು ಹೂವಿಗೆ ಅಷ್ಟೇ ಆಯುಷ್ಯ. ಬಾವಲಿ, ಜೇನುನೊಣ, ಬಿಳಿರೆಕ್ಕೆಯ ಪಾರಿವಾಳ ಎಲ್ಲಕ್ಕೂ ಅದರ ಮೇಲೇ ಕಣ್ಣು. ಹೂ ನೋಡಬೇಕೆಂದರೆ ಬೆಳಗ್ಗೆ ಎಂಟರೊಳಗೆ ಅಲ್ಲಿರಬೇಕು. ಹೂವೆಲ್ಲ ತುದಿಯಲ್ಲೇ ಬಿಡುವುದರಿಂದ ದುರ್ಬೀನು ಇದ್ದರೆ ಒಳ್ಳೆಯದು.

ನಮ್ಮ ಕಡೆಯಿಂದ ಮಕ್ಕಳ ಮನೆಗೆ ಹೋಗುವ ಅಪ್ಪ-ಅಮ್ಮಂದಿರು ಹೆಚ್ಚಾಗಿ ಅಮೆರಿಕದಲ್ಲಿರುವುದು ಮೇ-ಸೆಪ್ಟೆಂಬರ್ ನಡುವೆ. ದುರದೃಷ್ಟಕ್ಕೆ ಇಲ್ಲಿ ಅದೇ ಕಷ್ಟದ ಕಾಲ. ಜೂನ್-ಜುಲೈನಲ್ಲಿ 38 ಡಿಗ್ರಿ ಎನ್ನುವುದು ಮಾಮೂಲಿ, 42-43 ಆದರೂ ಯಾರೂ ಹುಬ್ಬೇರಿಸುವುದಿಲ್ಲ. 'ರಾಯಚೂರು ಬಿಸಿಲು ನೋಡಿದವರು ನಾವು' ಎಂಬ ಧೈರ್ಯ ಇಲ್ಲಿ ನಡೆಯದು. ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಮೈಮೇಲೆ ಕಾಣುವ ಮುಂಚೆಯೇ ಆರಿಹೋಗುತ್ತದೆ. ನೀರು ಕಳೆದುಕೊಳ್ಳುತ್ತಿರುವುದು ನಿಮಗೇ ಗೊತ್ತಾಗುವುದಿಲ್ಲ.

ಬೇಸಿಗೆಯಲ್ಲೇ ಹೋಗಬೇಕಾದರೆ ಲೆಕ್ಕ ಹೀಗಿರಲಿ. ಜೂನ್‌ನಲ್ಲಿ ಸೂರ್ಯೋದಯ ಸುಮಾರು 5:15ಕ್ಕೆ, ಸೂರ್ಯಾಸ್ತ ಸುಮಾರು 7:30ಕ್ಕೆ. ನಡಿಗೆ ಏನಿದ್ದರೂ ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ಹತ್ತರಿಂದ ಸಂಜೆ ಐದರವರೆಗೆ ಎಸಿ ಇರುವ ಕಟ್ಟಡದಲ್ಲೋ ಕಾರಿನಲ್ಲೋ ಇರಿ. ಐದರ ಮೇಲೆ ಕಾರಿನಲ್ಲಿ ಸುತ್ತು ಹಾಕಿ.

ಗಡಿಯಾರದ ಇನ್ನೊಂದು ಎಡವಟ್ಟು: ಅರಿಜೋನಾದಲ್ಲಿ ಬೇಸಿಗೆಗೆ ಗಂಟೆ ಮುಂದೆ ಹಾಕುವ ಪದ್ಧತಿ ಇಲ್ಲ. ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ಟೂಸಾನ್‌ಗೂ ಒಂದೇ ಹೊತ್ತು, ಚಳಿಗಾಲದಲ್ಲಿ ಟೂಸಾನ್ ಒಂದು ಗಂಟೆ ಮುಂದು. ಕ್ಯಾಲಿಫೋರ್ನಿಯಾದಿಂದ ಕಾರಿನಲ್ಲಿ ಬರುವವರು ಡಿಸೆಂಬರ್‌ನಲ್ಲಿ ಈ ಒಂದು ಗಂಟೆ ಮರೆತು ಸೂರ್ಯಾಸ್ತ ತಪ್ಪಿಸಿಕೊಳ್ಳುತ್ತಾರೆ.

2. ಪೂರ್ವವೋ ಪಶ್ಚಿಮವೋ ತೀರ್ಮಾನಿಸಿ

ಮೊದಲ ಸಲ ಹೋಗುವವರಿಗೆ ಗೊತ್ತಿರದ ಸಂಗತಿ ಇದು: ಪಾರ್ಕ್ ಒಂದಲ್ಲ, ಎರಡು ತುಂಡು. ನಡುವೆ ಟೂಸಾನ್ ನಗರವಿದೆ. ಒಂದರಿಂದ ಇನ್ನೊಂದಕ್ಕೆ ಸುಮಾರು 50 ಕಿ.ಮೀ., ನಗರದ ಸಿಗ್ನಲ್‌ಗಳೆಲ್ಲ ಸೇರಿ ಒಂದು ಗಂಟೆಯ ದಾರಿ. ಮ್ಯಾಪಿನಲ್ಲಿ ಬರೀ ಪಾರ್ಕಿನ ಹೆಸರು ಹಾಕಿದರೆ ಅದು ತನಗೆ ತೋಚಿದ ಕಡೆ ಕರೆದೊಯ್ಯುತ್ತದೆ. ಪಶ್ಚಿಮಕ್ಕಾದರೆ ಕಿನ್ನಿ ರಸ್ತೆಯ 'ರೆಡ್ ಹಿಲ್ಸ್ ವಿಸಿಟರ್ ಸೆಂಟರ್', ಪೂರ್ವಕ್ಕಾದರೆ ಓಲ್ಡ್ ಸ್ಪ್ಯಾನಿಷ್ ಟ್ರೇಲ್ ರಸ್ತೆಯ 'ರಿಂಕನ್ ಮೌಂಟನ್ ವಿಸಿಟರ್ ಸೆಂಟರ್' ಎಂದೇ ಹಾಕಿ. ಫೀನಿಕ್ಸ್ ಹತ್ತಿರದ 'ಸವಾರೊ ಲೇಕ್' ಬೇರೆಯೇ ಜಾಗ. ಮೆಕ್ಸಿಕೋ ಗಡಿಯ 'ಆರ್ಗನ್ ಪೈಪ್ ಕ್ಯಾಕ್ಟಸ್' ಸ್ಮಾರಕವೂ ಬೇರೆ, ಟೂಸಾನ್‌ನಿಂದ ಎರಡು ಗಂಟೆಗೂ ಹೆಚ್ಚು ದೂರ.

ಪಶ್ಚಿಮದಲ್ಲಿ ಕಳ್ಳಿ ಒತ್ತೊತ್ತಾಗಿದೆ. ಫೋಟೊಗಳಲ್ಲಿ ನೋಡಿದ 'ಕಳ್ಳಿ ಕಾಡು' ಬೇಕೆಂದರೆ ಅಲ್ಲಿಗೇ ಹೋಗಿ. ಆದರೆ ಅಲ್ಲಿನ ಸುತ್ತುರಸ್ತೆ ಮಣ್ಣಿನದು. ಪೂರ್ವದ ಭಾಗ ವಿಸ್ತಾರದಲ್ಲಿ ದೊಡ್ಡದು, ಹಿಂದೆ ರಿಂಕನ್ ಬೆಟ್ಟಸಾಲು, ರಸ್ತೆಗೆ ಡಾಂಬರು. ಹಿರಿಯರು, ಕೈಗೂಸು, ಮಂಡಿನೋವು ಇದ್ದವರು ಪೂರ್ವ ಆರಿಸಿಕೊಳ್ಳುವುದು ಜಾಣತನ. ಒಂದೇ ದಿನವಿದ್ದರೆ, ಫೀನಿಕ್ಸ್‌ನಿಂದ ಬರುವವರಿಗೆ ಪಶ್ಚಿಮವೇ ಹತ್ತಿರ. ಒಂದೇ ಸಲಕ್ಕೆ ಎರಡನ್ನೂ ಮುಗಿಸುವ ಹಟ ಬೇಡ. ಎರಡೂ ಅರ್ಧಂಬರ್ಧ ಆಗುತ್ತವೆ.

3. ಕಾರು, ಕಾಗದ, ಕಾಸು

ಪಾರ್ಕಿಗೆ ಬಸ್ಸಿಲ್ಲ, ಒಳಗೆ ಓಡಾಡಲು ಪಾರ್ಕಿನ ವಾಹನವೂ ಇಲ್ಲ. ಕಾರು ಬೇಕೇ ಬೇಕು. ಫೀನಿಕ್ಸ್‌ನಿಂದ ಟೂಸಾನ್‌ಗೆ ಐ-10 ಹೆದ್ದಾರಿಯಲ್ಲಿ ಸುಮಾರು 180 ಕಿ.ಮೀ., ಎರಡು ಗಂಟೆಯೊಳಗಿನ ದಾರಿ. ಭಾರತದ ಲೈಸೆನ್ಸ್ ಮೇಲೆ ಬಾಡಿಗೆ ಕಾರು ಓಡಿಸುವವರು ಊರಲ್ಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬನ್ನಿ. ಅದು ಒಂದು ವರ್ಷ ನಡೆಯುತ್ತದೆ. ಬಾಡಿಗೆ ಒಪ್ಪಂದದಲ್ಲಿ 'ಮಣ್ಣುರಸ್ತೆಯಲ್ಲಿ ಓಡಿಸಬಾರದು' ಎಂಬ ಸಾಲು ಇದೆಯೇ ಎಂದು ಓದಿ. ಇದ್ದರೆ ಪಶ್ಚಿಮದ ಸುತ್ತುರಸ್ತೆಯಲ್ಲಿ ಏನಾದರೂ ಆದಾಗ ವಿಮೆ ಕೈಕೊಡಬಹುದು.

ವೀಸಾ ಮೇಲೆ ಇರುವವರು ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದದ್ದರ ದಾಖಲೆ) ಜತೆಯಲ್ಲೇ ಇಟ್ಟುಕೊಳ್ಳಿ. ಇದು ಗಡಿಯ ಸೀಮೆ. ಸ್ಯಾನ್ ಡಿಯಾಗೋ ಕಡೆಯ ಐ-8, ನೊಗಾಲೆಸ್ ಕಡೆಯ ಐ-19 ಹೆದ್ದಾರಿಗಳಲ್ಲಿ ಗಡಿ ಕಾಯುವ ಬಾರ್ಡರ್ ಪ್ಯಾಟ್ರೋಲ್‌ನವರ ತಪಾಸಣಾ ಠಾಣೆಗಳಿವೆ. ಕಾಗದ ಹೋಟೆಲಿನ ಲಾಕರಿನಲ್ಲಿದೆ ಎಂದರೆ ಕೆಲಸವಾಗದು.

ಪ್ರವೇಶ ಶುಲ್ಕ ಕಾರಿಗೆ 25 ಡಾಲರ್. ಕಾರಿನಲ್ಲಿರುವ ಅಷ್ಟೂ ಜನಕ್ಕೆ, 7 ದಿನಕ್ಕೆ, ಎರಡೂ ಭಾಗಕ್ಕೆ ಸೇರಿ. ರಸೀದಿ ಎಸೆದು ಮರುದಿನ ಇನ್ನೊಂದು ಭಾಗದಲ್ಲಿ ಮತ್ತೆ ದುಡ್ಡು ಕಟ್ಟುವವರು ಬೇಕಾದಷ್ಟಿದ್ದಾರೆ. ಎಲ್ಲ ನ್ಯಾಷನಲ್ ಪಾರ್ಕುಗಳಿಗೂ ನಡೆಯುವ ವಾರ್ಷಿಕ ಪಾಸ್ 2026ರಿಂದ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಇದೊಂದೇ ಪಾರ್ಕಿಗಾದರೆ ಪಾಸ್ ಬೇಡ. ಅಲ್ಲಿಯೇ ನಾಲ್ಕನೇ ತರಗತಿ ಓದುತ್ತಿರುವ ಮಗು ಮನೆಯಲ್ಲಿದ್ದರೆ ಆ ವರ್ಷ ಕುಟುಂಬಕ್ಕೆಲ್ಲ ಪುಕ್ಕಟೆ ಪಾಸ್ ಸಿಗುತ್ತದೆ. ದರ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಪಾರ್ಕಿನ ಜಾಲತಾಣ ಒಮ್ಮೆ ನೋಡಿ. ಬಾಗಿಲು ತೆರೆದು ಮುಚ್ಚುವ ಹೊತ್ತೂ ಅಲ್ಲೇ ಇರುತ್ತದೆ.

ಪಾರ್ಕಿನೊಳಗೆ ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ವಸತಿ ಇಲ್ಲ. ಕಾರು ನಿಲ್ಲಿಸಿ ಟೆಂಟ್ ಹಾಕುವ ಜಾಗವೂ ಇಲ್ಲ. ಪೂರ್ವದ ಬೆಟ್ಟದ ಮೇಲೆ, ನಡೆದೇ ತಲುಪಬೇಕಾದ ಶಿಬಿರಗಳಿವೆ, ಅದಕ್ಕೆ ಮೊದಲೇ ಪರವಾನಗಿ ಬೇಕು.

4. ಚೀಲ ಕಟ್ಟಿ

ನೀರು: ಬಿಸಿಲುಕಾಲದಲ್ಲಿ ನಡೆಯುವ ಪ್ರತಿ ಗಂಟೆಗೆ ತಲೆಗೊಂದು ಲೀಟರ್, ಚಳಿಗಾಲದಲ್ಲಿ ಅದರ ಅರ್ಧ. ನಾಲ್ಕು ಜನ ಅರ್ಧ ದಿನ ಇದ್ದು ಅದರಲ್ಲಿ ಎರಡು ಗಂಟೆ ನಡೆಯುವುದಾದರೆ 8 ಲೀಟರ್, ಅದರ ಮೇಲೆ ಕಾರಿನಲ್ಲಿ ಮುಟ್ಟದೆ ಇಡಲು 4 ಲೀಟರಿನ ಇನ್ನೊಂದು ಕ್ಯಾನು. ಕುಡಿಯುವ ನೀರು ಸಿಗುವುದು ವಿಸಿಟರ್ ಸೆಂಟರಿನಲ್ಲಿ ಮಾತ್ರ. ಪಿಕ್‌ನಿಕ್ ಜಾಗಗಳಲ್ಲಿ ಮೇಜು, ನೆರಳು, ಶೌಚಾಲಯ ಇರುತ್ತದೆ, ನಲ್ಲಿ ಇರುವುದಿಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪಿನಂಶ ಇಳಿದು ತಲೆಸುತ್ತು ಬರುತ್ತದೆ. ನಡುನಡುವೆ ಉಪ್ಪಿನ ತಿಂಡಿಯೋ ಓಆರ್‌ಎಸ್ ಪುಡಿಯೋ ಇರಲಿ.

ಊಟ: ಚಪಾತಿ, ಚಟ್ನಿಪುಡಿ, ಖಾರ ಹಚ್ಚಿದ ಅವಲಕ್ಕಿ ತಡೆಯುತ್ತವೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಮೊಸರನ್ನ ಒಂದು ಗಂಟೆಗೆ ಹುಳಿ ಬರುತ್ತದೆ, ಐಸ್ ಡಬ್ಬಿ ಇದ್ದರೆ ಮಾತ್ರ ಒಯ್ಯಿರಿ.

ಪಾದರಕ್ಷೆ: ಕಾಲು ಪೂರ್ತಿ ಮುಚ್ಚುವ, ಗಟ್ಟಿ ಅಟ್ಟೆಯ ಶೂ. ರಬ್ಬರ್ ಚಪ್ಪಲಿಯನ್ನು ಇಲ್ಲಿನ ಮುಳ್ಳು ಬೆಣ್ಣೆಯಂತೆ ತೂರಿ ಅಂಗಾಲಿಗೆ ಬರುತ್ತದೆ. ಸೀರೆಯುಟ್ಟವರು ಡಾಂಬರಿನ ಕಿರುಹಾದಿ ಬಿಟ್ಟು ಇಳಿಯದಿರಿ. ಸೆರಗು, ನೆರಿಗೆ ಎರಡೂ ಕಳ್ಳಿಗೆ ಸಿಕ್ಕಿಕೊಳ್ಳುತ್ತವೆ.

ಇವುಗಳ ಜತೆಗೆ ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್, ಕಾರಿನ ಗಾಜಿಗೆ ಬಿಸಿಲು ಮರೆ. ಇನ್ನೆರಡು ವಸ್ತು ಕಡ್ಡಾಯ: ಅಗಲ ಹಲ್ಲಿನ ಒಂದು ಬಾಚಣಿಗೆ, ಒಂದು ಚಿಮುಟ. ತಲೆ ಬಾಚಲಿಕ್ಕಲ್ಲ, ಯಾಕೆಂದು 8ನೇ ಹಂತದಲ್ಲಿ ಹೇಳಿದೆ. ಫೋನಿನ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಮ್ಯಾಪನ್ನು ರಾತ್ರಿಯೇ ಇಳಿಸಿಕೊಳ್ಳಿ.

5. ಪಶ್ಚಿಮದಲ್ಲಿ ಅರ್ಧ ದಿನ

ರೆಡ್ ಹಿಲ್ಸ್‌ನಲ್ಲಿ ಶುಲ್ಕ ಕಟ್ಟಿ, ನೀರು ತುಂಬಿಸಿ, ಹಿಂಬದಿಯ ದೊಡ್ಡ ಗಾಜಿನಾಚೆಯ ನೋಟ ನೋಡಿಕೊಂಡು ಹೊರಡಿ. ಹತ್ತಿರವೇ ಇರುವ 'ಡೆಸರ್ಟ್ ಡಿಸ್ಕವರಿ' ಹಾದಿ ಒಂದು ಕಿ.ಮೀ. ಒಳಗೇ ಮುಗಿಯುತ್ತದೆ. ನೆಲ ಸಮತಟ್ಟು, ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ.

ಆಮೇಲೆ 'ಬಜಾಡಾ ಲೂಪ್' ಸುತ್ತುರಸ್ತೆ, ಹತ್ತಿರಹತ್ತಿರ ಒಂಬತ್ತು ಕಿ.ಮೀ. ಬಜಾಡಾ ಅಂದರೆ ಬೆಟ್ಟದಿಂದ ಮಳೆ ಕೊಚ್ಚಿ ತಂದ ಕಲ್ಲುಮಣ್ಣು ಹರಡಿ ಆದ ಇಳಿಜಾರು. ನೀರು ನಿಲ್ಲದೆ ಬಸಿಯುವ ಇಂಥ ನೆಲವೇ ಸವಾರೊಗೆ ಇಷ್ಟ, ಹಾಗಾಗಿ ಕಾಡು ಇಲ್ಲೇ ದಟ್ಟ. ರಸ್ತೆ ಒಣಗಿದ್ದರೆ ಮಾಮೂಲಿ ಕಾರು ಸಾಕು, ನಿಧಾನ ಹೋದರೆ ಆಯಿತು. ಮಳೆ ಬಂದು ಒಂದೆರಡು ದಿನ ಆಗಿರದಿದ್ದರೆ ಮೊದಲು ವಿಸಿಟರ್ ಸೆಂಟರಿನಲ್ಲಿ ವಿಚಾರಿಸಿ. ದಾರಿಯ ಒಂದು ಭಾಗ ಏಕಮುಖ.

ಎರಡು ಕಡೆ ಇಳಿಯಿರಿ. 'ವ್ಯಾಲಿ ವ್ಯೂ' ನಡಿಗೆ ಹೋಗಿಬರಲು 1.3 ಕಿ.ಮೀ., ಕೊನೆಯಲ್ಲಿ ಸ್ವಲ್ಪ ಏರು. 'ಸಿಗ್ನಲ್ ಹಿಲ್' ಇನ್ನೂ ಚಿಕ್ಕದು. ಮೆಟ್ಟಿಲು ಹತ್ತಿದರೆ ಬಂಡೆಗಳ ಮೇಲೆ ಇಲ್ಲಿನ ಮೂಲನಿವಾಸಿ ಹೊಹೋಕಮ್ ಜನ ಶತಮಾನಗಳ ಹಿಂದೆ ಕುಟ್ಟಿ ಮೂಡಿಸಿದ ಸುರುಳಿಗಳು, ಪ್ರಾಣಿಗಳ ಚಿತ್ರಗಳಿವೆ. ಬಂಡೆ ಮುಟ್ಟಬೇಡಿ, ಕೈಯ ಜಿಡ್ಡಿಗೆ ಕಲ್ಲಿನ ಮೇಲಿನ ಕಪ್ಪು ಪದರ ಹಾಳಾಗುತ್ತದೆ. ಗಟ್ಟಿ ಕಾಲಿನವರಿಗೆ ವಾಸನ್ ಶಿಖರ ಇದೆ, ಹ್ಯೂ ನಾರಿಸ್ ಹಾದಿಯಲ್ಲಿ ಹೋಗಿಬರಲು 16 ಕಿ.ಮೀ. ಅದು ಚಳಿಗಾಲದ ಕೆಲಸ, ಪೂರಾ ದಿನ ಬೇಕು.

ಹತ್ತು ಗಂಟೆಯ ಬಿಸಿಲು ಏರಿದ ಮೇಲೆ ಹತ್ತಿರದ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಮ್‌ಗೆ ಹೋಗುವುದು ವಾಡಿಕೆ. ಟಿಕೆಟ್ ಬೇರೆ. ಆದರೆ ಹೆಸರು ಕೇಳಿ ಮೋಸಹೋಗಬೇಡಿ, ಅದರ ಬಹುಭಾಗ ಬಯಲಿನಲ್ಲೇ ಇದೆ. ಜೂನ್‌ನಲ್ಲಿ ಮಧ್ಯಾಹ್ನ ಅಲ್ಲಿಗೆ ಹೋಗುವುದೂ ಬಿಸಿಲಿಗೆ ಹೋದಂತೆಯೇ.

6. ಪೂರ್ವದಲ್ಲಿ ಒಂದು ಸಂಜೆ

ಇಲ್ಲಿನ 'ಕ್ಯಾಕ್ಟಸ್ ಫಾರೆಸ್ಟ್ ಲೂಪ್' 13 ಕಿ.ಮೀ. ಡಾಂಬರು ರಸ್ತೆ. ಹೆಚ್ಚಿನ ಪಾಲು ಏಕಮುಖ, ಕಿರಿದು, ಏರಿಳಿತ ಜಾಸ್ತಿ, ಸೈಕಲ್ಲಿನವರು ಬಹಳ. ತಿರುಗಿಸಿಕೊಂಡು ಹಿಂದೆ ಬರುವಂತಿಲ್ಲ. ನಿಲ್ಲಬೇಕಾದ ಜಾಗ ದಾಟಿಹೋದರೆ ಇನ್ನೊಂದು ಸುತ್ತೇ ಗತಿ. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆ ಒಳಗೆ ಬಂದರೆ ಓರೆ ಬೆಳಕಿನಲ್ಲಿ ಮುಳ್ಳುಗಳೆಲ್ಲ ಹೊನ್ನಿನಂತೆ ಹೊಳೆಯುವುದನ್ನು ನೋಡಬಹುದು. 'ಡೆಸರ್ಟ್ ಇಕಾಲಜಿ' ಹಾದಿ ಕೇವಲ 400 ಮೀಟರ್, ಹಿರಿಯರಿಗೆ ಹೇಳಿಮಾಡಿಸಿದ್ದು. 'ಫ್ರೀಮನ್ ಹೋಮ್‌ಸ್ಟೆಡ್' ಹಾದಿ 1.6 ಕಿ.ಮೀ., ಅದರಲ್ಲಿ ಸಿಗುವ ಸವಾರೊಗಳು ಭಾರಿ ಗಾತ್ರದವು.

7. ಗಿಡವನ್ನು ಹೇಗೆ ನೋಡಬೇಕು

ಕಾರಿನ ಕಿಟಕಿಯಿಂದ ಫೋಟೊ ಹೊಡೆದುಕೊಂಡು ಬಂದವರು 'ಎಲ್ಲ ಒಂದೇ ತರ ಇತ್ತು' ಅನ್ನುತ್ತಾರೆ. ಒಂದೇ ಗಿಡದೆದುರು ಐದು ನಿಮಿಷ ನಿಂತರೆ ಹಾಗನ್ನಿಸುವುದಿಲ್ಲ.

ಮೊದಲು ಮೈಯ ಮಡಿಕೆ ನೋಡಿ. ಸೀರೆಯ ನೆರಿಗೆಯಂಥ ಈ ಏಣುಗಳು ಮಳೆ ಬಂದಾಗ ಬಿಚ್ಚಿಕೊಂಡು ಗಿಡ ಉಬ್ಬುತ್ತದೆ, ಬರಗಾಲದಲ್ಲಿ ಮುದುಡುತ್ತವೆ. ಏಣುಗಳ ನಡುವಿನ ಸಂದು ಆಳವಾಗಿದ್ದರೆ ಗಿಡಕ್ಕೆ ಬಾಯಾರಿದೆ ಎಂದೇ ಲೆಕ್ಕ.

ವಯಸ್ಸು ಅಂದಾಜು ಮಾಡಿ. ಮೊದಲ ಎಂಟು ವರ್ಷಕ್ಕೆ ಅದು ಬೆಳೆಯುವುದು ಒಂದೂವರೆ ಇಂಚು, ಅಷ್ಟೇ. ಆಳೆತ್ತರವಾಗಿ ಮೊದಲ ಹೂ ಬಿಡುವ ಹೊತ್ತಿಗೆ ಸುಮಾರು 35 ವರ್ಷ. 'ಕೈ' ಮೂಡುವುದು 50-70 ವರ್ಷದ ಮೇಲೆ, ಮಳೆ ಕಡಿಮೆಯಿರುವಲ್ಲಿ ನೂರಾದರೂ ಆಗಬಹುದು. ಅದರ ಆಯಸ್ಸು 150ರಿಂದ 200 ವರ್ಷ. ಐದಾರು ಕೈಯ ಗಿಡವೊಂದು ನಿಮ್ಮ ಮುತ್ತಜ್ಜನಿಗಿಂತ ಹಿರಿದು.

ಮೇಲಿರುವ ದುಂಡು ತೂತುಗಳು ಗೀಲಾ ಮರಕುಟಿಗ ಕೊರೆದವು. ಗಿಡ ಆ ಗಾಯದ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಮರಕುಟಿಗ ಬಿಟ್ಟುಹೋದ ಮನೆಗೆ ಪುಟ್ಟ ಎಲ್ಫ್ ಗೂಬೆ ಬರುತ್ತದೆ. ಗಿಡ ಸತ್ತು ಕೊಳೆತ ಮೇಲೂ ಆ ಚಿಪ್ಪು ಬೂಟಿನಂತೆ ನೆಲದ ಮೇಲೆ ಉಳಿಯುತ್ತದೆ. ಹೆಕ್ಕಿ ತರಬೇಡಿ, ಅಪರಾಧ.

ಈಗ ಬುಡದ ಸುತ್ತ ನೋಡಿ. ಹಸಿರು ತೊಗಟೆಯ ಪಾಲೊ ವರ್ಡೆ, ಮೆಸ್ಕೀಟ್ ಮರಗಳ ನೆರಳಲ್ಲಿ ಹೆಬ್ಬೆರಳಿನಷ್ಟು ಸವಾರೊ ಮರಿಗಳು ಅಡಗಿರುತ್ತವೆ. ಮೆಸ್ಕೀಟ್ ಎಂದರೆ ಬೇರೆ ಯಾರೂ ಅಲ್ಲ, ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ನಮ್ಮಲ್ಲಿ ಊರು ಹಾಳುಮಾಡಿತೆಂದು ಬೈಸಿಕೊಳ್ಳುವ ಕುಲ ಅಲ್ಲಿ ಸಾಕುತಾಯಿ. ಅಲ್ಲಿ ಬೈಸಿಕೊಳ್ಳುವುದು ನಮ್ಮಲ್ಲಿ ಮೇವಿಗೆ ಬೆಳೆಸುವ ಅಂಜನ್ ಹುಲ್ಲು. ಅದು ಕಳ್ಳಿಗಳ ನಡುವೆ ಹಬ್ಬಿ ಬೆಂಕಿಗೆ ಹಾದಿ ಮಾಡುತ್ತದೆ, ಬೆಂಕಿ ತಡೆಯುವ ಶಕ್ತಿ ಸವಾರೊಗಿಲ್ಲ.

ಹಾದಿ ಬಿಟ್ಟು ಇಳಿಯಬೇಡಿ ಎನ್ನುವುದು ಇದಕ್ಕೇ. ಸವಾರೊದ ಹೆಚ್ಚಿನ ಬೇರು ನೆಲದಿಂದ ನಾಲ್ಕೈದು ಇಂಚು ಕೆಳಗಷ್ಟೇ ಇರುತ್ತದೆ, ಗಿಡ ಎಷ್ಟು ಎತ್ತರವೋ ಅಷ್ಟು ದೂರ ಹರಡಿರುತ್ತದೆ. ಸೆಲ್ಫಿಗೆಂದು ಹತ್ತಿರ ಹೋದವರು ತುಳಿಯುವುದು ಬೇರನ್ನೇ, ಮರಿಗಳನ್ನೇ. ಜೂನ್-ಜುಲೈಗೆ ಕೆಂಪು ಹಣ್ಣು ಬಿರಿದು ಬೀಳುತ್ತದೆ, ಅದನ್ನೂ ಕೀಳುವಂತಿಲ್ಲ. ಸವಾರೊದ ಒಣಗಿದ ಏಣುಗಳನ್ನೇ ಜೋಡಿಸಿ ಮಾಡಿದ ದೋಟಿಯಿಂದ ಹಣ್ಣು ಕೊಯ್ಯುವುದು ಈ ನೆಲದ ಟೊಹೊನೊ ಓಡಮ್ ಜನರ ಸಂಪ್ರದಾಯ. ಆ ಸುಗ್ಗಿಯೇ ಅವರಿಗೆ ಹೊಸ ವರ್ಷ.

8. ಎಡವಟ್ಟಾದರೆ

ಚೋಯ ಮುಳ್ಳು. ಜನ ಗಾಯ ಮಾಡಿಕೊಳ್ಳುವುದು ಸವಾರೊದಿಂದಲ್ಲ, ಚೋಯ ಎಂಬ ಗಿಡ್ಡ ಕಳ್ಳಿಯಿಂದ. ದೂರದಿಂದ ಮೆತ್ತನೆ ಬೊಂಬೆಯಂತೆ ಕಾಣುತ್ತದೆ, ಅದಕ್ಕೇ ಮಕ್ಕಳು ಕೈ ಹಾಕುತ್ತಾರೆ. ತಾಗಿದರೆ ಸಾಕು, ಇಡೀ ಗಂಟು ಕಳಚಿ ಮೈಗೆ ಅಂಟುತ್ತದೆ. ಬಿದ್ದ ಗಂಟುಗಳು ಹಾದಿಯ ಮೇಲೂ ಉರುಳಾಡುತ್ತಿರುತ್ತವೆ. ಕೈಯಿಂದ ಕೀಳಲು ಹೋದರೆ ಇನ್ನೊಂದು ಕೈಗೆ ಅಂಟುತ್ತದೆ, ಇದು ನೂರಕ್ಕೆ ನೂರು ಆಗುವ ತಪ್ಪು. ಸರಿಯಾದ ಕ್ರಮ: ಅಂಟಿಸಿಕೊಂಡವರು ಅಲ್ಲಾಡದೆ ನಿಲ್ಲಲಿ. ಬಾಚಣಿಗೆಯ ಹಲ್ಲನ್ನು ಚರ್ಮಕ್ಕೂ ಗಂಟಿಗೂ ನಡುವೆ ತೂರಿಸಿ. ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು ಒಂದೇ ಝಾಡಿಗೆ ಆಚೆ ಚಿಮ್ಮಿಸಿ. ಉಳಿದ ಮುಳ್ಳನ್ನು ಚಿಮುಟದಿಂದ, ಹೊಕ್ಕ ದಾರಿಯಲ್ಲೇ ನೆಟ್ಟಗೆ ಹಿಂದಕ್ಕೆ, ಒಂದೊಂದಾಗಿ ಎಳೆಯಿರಿ. ಮುಳ್ಳಿನ ತುದಿಯಲ್ಲಿ ಗಾಳದಂತೆ ಹಿಮ್ಮುಖ ಕೊಕ್ಕೆಗಳಿರುವುದರಿಂದ ಹೋಗುವಾಗಿನದಕ್ಕಿಂತ ಬರುವಾಗ ಹೆಚ್ಚು ನೋವು. ಪಾಪಾಸುಕಳ್ಳಿಯ ಸುಂಕಿನಂಥ ನಯ ಮುಳ್ಳು ತಾಗಿದರೆ ಉಜ್ಜಬೇಡಿ, ಅಂಟುಟೇಪ್ ಒತ್ತಿ ಎಳೆಯಿರಿ.

ಬಿಸಿಲ ಹೊಡೆತ. ತಲೆನೋವು, ವಾಕರಿಕೆ ಬಂದಾಗಲೇ ನೆರಳಿಗೆ ಹೋಗಿ, ಬಟ್ಟೆ ಒದ್ದೆಮಾಡಿಕೊಂಡು ನೀರು ಗುಟುಕರಿಸಿ. ಮಾತು ತೊದಲಿದರೆ, ಗೊಂದಲವಾದರೆ ಕಾಯಬೇಡಿ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಹಾವು. ಬುಡುಬುಡಿಕೆ ಹಾವು ಬಾಲ ಅಲುಗಿಸಿ ಎಚ್ಚರಿಸುತ್ತದೆ, ಆದರೆ ಪ್ರತಿಸಲವೂ ಅಲ್ಲ. ಕಾಣದ ಸಂದಿಗೆ ಕೈಕಾಲು ಹಾಕದಿರುವುದೇ ರಕ್ಷೆ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ಉಂಗುರ, ಬಳೆ ತೆಗೆದು, ಓಡಾಡದೆ 911ಕ್ಕೆ ಕರೆ ಮಾಡಿ. ಚೇಳು ಕುಟುಕಿದರೆ ಸಲಹೆಗೆ ವಿಷ ಸಹಾಯವಾಣಿ 1-800-222-1222 ಹಗಲೂ ರಾತ್ರಿ ಇರುತ್ತದೆ.

ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಕಾರಿನತ್ತ ಓಡಿ.

ಮಳೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಅಲ್ಲಿಯೂ ಮುಂಗಾರು, ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಒಣಹಳ್ಳಗಳು ರಸ್ತೆಗೇ ಅಡ್ಡ ಹಾಯುತ್ತವೆ. ನಿಮ್ಮ ತಲೆಯ ಮೇಲೆ ಹನಿ ಬೀಳದಿದ್ದರೂ ಬೆಟ್ಟದ ಮಳೆಗೆ ಹಳ್ಳ ತುಂಬಿ ಬರುತ್ತದೆ. ಅಡ್ಡ ಇಟ್ಟ ತಡೆ ದಾಟಿ ನೀರಿಗೆ ಕಾರು ಇಳಿಸಿ ಸಿಕ್ಕಿಕೊಂಡರೆ ಎತ್ತಿದ ಖರ್ಚನ್ನು ನಿಮ್ಮಿಂದಲೇ ವಸೂಲಿ ಮಾಡುವ ಕಾನೂನು ಅರಿಜೋನಾದಲ್ಲಿದೆ.

ಧೂಳುಗಾಳಿ. ಇದು ಐ-10ರ ಪಿಡುಗು. ಎದುರಿಗೆ ಕಂದು ಗೋಡೆ ಕಂಡರೆ ಡಾಂಬರು ಪೂರ್ತಿ ಬಿಟ್ಟು ಪಕ್ಕಕ್ಕಿಳಿದು ನಿಲ್ಲಿಸಿ. ಹೆಡ್‌ಲೈಟು, ಮಿನುಗು ದೀಪ ಎಲ್ಲ ಆರಿಸಿ, ಬ್ರೇಕ್ ಮೇಲಿಂದ ಕಾಲು ತೆಗೆಯಿರಿ. ನಮ್ಮ ಅಭ್ಯಾಸಕ್ಕೆ ಇದು ಉಲ್ಟಾ. ಆದರೆ ಕಣ್ಣು ಕಾಣದ ಹಿಂದಿನ ಚಾಲಕ ನಿಮ್ಮ ಕೆಂಪು ದೀಪವನ್ನೇ ರಸ್ತೆಯೆಂದು ನಂಬಿ ಬಂದು ಗುದ್ದುತ್ತಾನೆ.

ಕಾರು ಹತ್ತುವ ಮುನ್ನ ಎಲ್ಲರೂ ಶೂವಿನ ಅಟ್ಟೆ ತಿರುವಿ ನೋಡಿಕೊಳ್ಳಿ. ಅಲ್ಲಿ ಅಂಟಿಕೊಂಡ ಚೋಯ ಗಂಟು ಕಾರಿನ ಮ್ಯಾಟಿಗೆ, ಮ್ಯಾಟಿನಿಂದ ಮಗುವಿನ ಬರಿಗಾಲಿಗೆ ದಾಟುತ್ತದೆ. ಬಾಚಣಿಗೆಯನ್ನು ಅಲ್ಲಿಯತನಕ ಚೀಲದ ಮೇಲ್ಜೇಬಿನಲ್ಲೇ ಇಟ್ಟುಕೊಂಡಿರಿ.